ಫ್ರೆಂಚಿನ 'ಸೊಲ್ದಾ' ಪದ ಉಪ್ಪಿನಿಂದ ಬಂದಿದ್ದಾ?

ರೋಮನ್ ಸೈನಿಕರಿಗೆ ಉಪ್ಪನ್ನೇ ಸಂಬಳವಾಗಿ ಕೊಡ್ತಿದ್ದರು, ಅದಕ್ಕೇ ಫ್ರೆಂಚಿನಲ್ಲಿ ಸೈನಿಕನಿಗೆ 'ಸೊಲ್ದಾ' ಅಂತಾರೆ, ನಿಜವಾ ಅಂತ ಕೇಳಿದ್ದೀರಿ. ಅಲ್ಲ. 'ಉಪ್ಪಿನ ಋಣ' ಅನ್ನುವ ನಮಗೆ ಈ ಕಥೆ ಬೇಗ ಹಿಡಿಸುತ್ತೆ. ಆದರೆ ಉಪ್ಪಿನ ನಂಟು ಇರುವುದು 'ಸ್ಯಾಲರಿ' ಪದಕ್ಕೆ. ಸೊಲ್ದಾ ಹುಟ್ಟಿದ್ದು ನಾಣ್ಯದಿಂದ.

4ನೇ ಶತಮಾನದ ಆರಂಭದಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ 'ಸೊಲಿಡಸ್' ಎಂಬ ಚಿನ್ನದ ನಾಣ್ಯ ತಂದ. ಒಂದು ರೋಮನ್ ಪೌಂಡ್ ಚಿನ್ನಕ್ಕೆ 72 ನಾಣ್ಯ, ಒಂದೊಂದೂ ಸುಮಾರು ನಾಲ್ಕೂವರೆ ಗ್ರಾಂ. ಸೊಲಿಡಸ್ ಅಂದರೆ 'ಗಟ್ಟಿ'. ಇಟಲಿಯವರ ಬಾಯಲ್ಲಿ ಅದು ಸವೆದು 'ಸೋಲ್ದೋ' ಆಯಿತು. ದುಡ್ಡು ಕೊಟ್ಟು ಇಟ್ಟುಕೊಂಡವನು 'ಸೊಲ್ದಾತೋ'. ಹಳೇ ಫ್ರೆಂಚಿನಲ್ಲಿ ಅದೇ ಬೇರಿನ 'ಸೂದಿಯೆರ್' ಆಗಲೇ ಇತ್ತು. ಇಂಗ್ಲಿಷಿನ ಸೋಲ್ಜರ್ ಬಂದಿದ್ದು ಅದರಿಂದ. ಆಮೇಲೆ 1494ರಿಂದ ಫ್ರೆಂಚ್ ರಾಜರು ಇಟಲಿಗೆ ಮತ್ತೆ ಮತ್ತೆ ದಂಡೆತ್ತಿ ಹೋದರಲ್ಲ, ಆ ಕಾಲದಲ್ಲಿ ಇಟಲಿಯ ಸೇನಾ ಪದಗಳು ಫ್ರೆಂಚಿಗೆ ಹಿಂಡುಹಿಂಡಾಗಿ ಬಂದವು. ಸೊಲ್ದಾ ನೆಲೆಯೂರಿತು, ಸೂದಿಯೆರ್ ಮೂಲೆ ಸೇರಿತು.

ಅದೇ ಚಿನ್ನದ ನಾಣ್ಯ ಫ್ರೆಂಚಿನಲ್ಲಿ 'ಸೂ' ಆಗಿ ಎಷ್ಟು ಇಳಿಯಿತು ಅಂದರೆ, 'ಒಂದು ಸೂ ಇಲ್ಲ' ಅಂದರೆ ಈಗ ಬಿಡಿಗಾಸೂ ಇಲ್ಲ ಅಂತ! ಸ್ಪ್ಯಾನಿಷ್‌ನಲ್ಲಿ ಮಾತ್ರ 'ಸ್ವೆಲ್ದೋ' ಮರ್ಯಾದೆ ಉಳಿಸಿಕೊಂಡಿದೆ. ಇವತ್ತಿಗೂ ಅದಕ್ಕೆ ಸಂಬಳ ಅಂತಲೇ ಅರ್ಥ.

ರೊಮೇನಿಯನ್ ಭಾಷೆಯಲ್ಲಿ 'ಸೊಲ್ದಾತ್' ಜೊತೆಗೆ 'ಒಸ್ತಾಶ್' ಅಂತಲೂ ಇದೆ. ಅದರ ಮೂಲ ಲ್ಯಾಟಿನ್ನಿನ 'ಹೋಸ್ಟಿಸ್', ಅಂದರೆ ಶತ್ರು. ಶತ್ರು ಹೋಗಿ ಸೈನ್ಯವಾಗಿ, ಕೊನೆಗೆ ತಮ್ಮದೇ ಸೈನಿಕನಾದ. ವಿಚಿತ್ರ ಅಲ್ವಾ?

ಸಂಬಳದಿಂದ ಸೈನಿಕ ಹುಟ್ಟೋದು ನಮಗೂ ಹೊಸದಲ್ಲ. 'ಭಟ' ಪದ 'ಭೃತ'ದ ಪ್ರಾಕೃತ ರೂಪ ಅಂತ ನಿಘಂಟುಗಳು ಹೇಳುತ್ತವೆ. ಭೃತ ಅಂದರೆ ಕೂಲಿ ಕೊಟ್ಟು ಸಾಕಿದವನು.

ಸ್ಪ್ಯಾನಿಷ್ ಕಲಿಯುತ್ತಿದ್ದ ಹೊಸದರಲ್ಲಿ ನಾನೊಂದು ಎಡವಟ್ಟು ಮಾಡಿದ್ದೆ. ಕೆಲಸದ ಜಾಗಕ್ಕೆ ಬಂದ ಡ್ರಾಯಿಂಗಿನಲ್ಲಿ 'ತೂಬೋ ಸೊಲ್ದಾದೋ' ಅಂತಿತ್ತು. ಸೊಲ್ದಾದೋ ಅಂದರೆ ಸೈನಿಕ ಅಂತ ಗೊತ್ತಿತ್ತು. ಧೈರ್ಯವಾಗಿ 'ಮಿಲಿಟರಿ ಪೈಪ್' ಅಂತ ಬರೆದುಕೊಟ್ಟೆ. ವೆಲ್ಡರ್ ಚಿತ್ರ ನೋಡಿ ನಕ್ಕ. ಅದು ಬರೀ ಬೆಸುಗೆ ಹಾಕಿದ ಪೈಪು, ಸ್ವಾಮಿ. ಬೆಸುಗೆಯ 'ಸೊಲ್ದಾರ್' ಕೂಡ ಅದೇ 'ಗಟ್ಟಿ'ಯಿಂದ ಬಂದಿದ್ದು ಅಂತ ಆಮೇಲೆ ತಿಳಿಯಿತು. ಅಷ್ಟರಲ್ಲಿ ನನ್ನ ಹೆಸರು 'ಮಿಲಿಟರಿ' ಅಂತ ಆಗಿಹೋಗಿತ್ತು.