ಜೋಗಕ್ಕೆ ರೈಲಲ್ಲಿ ಹೋಗುವವರು ಎಲ್ಲಿ ಇಳಿಯಬೇಕು?

ರೈಲು ಟಿಕೆಟ್‌ನ ಆ್ಯಪ್‌ನಲ್ಲಿ ಸಾಗರ ನಿಲ್ದಾಣ ಸಿಗುತ್ತಿಲ್ಲ, ಜೋಗಕ್ಕೆ ಎಲ್ಲಿ ಇಳಿಯಬೇಕು ಅಂತ ಕೇಳಿದ್ದೀರಿ. ಅದು ಸಿಗದಿರಲು ಹೆಸರೇ ಕಾರಣ ಇರಬೇಕು. ರೈಲ್ವೆಯವರು ನಮ್ಮ ಸಾಗರದ ನಿಲ್ದಾಣವನ್ನು ‘ಸಾಗರ ಜಂಬಗಾರು’ ಅಂತ ಕರೆಯುತ್ತಾರೆ. ಎಸ್‌ಆರ್‌ಎಫ್ (SRF) ಅನ್ನುವ ನಿಲ್ದಾಣದ ಕೋಡ್ ಹಾಕಿ ನೋಡಿ. ಸುಮ್ನೆ ಸಾಗರ ಅಂದರೆ ಮಧ್ಯಪ್ರದೇಶದ ಊರು ಬಂದೀತು!

ಜೋಗಕ್ಕೆ ಹತ್ತಿರ ತಾಳಗುಪ್ಪವೇ. ಅದು ಈ ಮಾರ್ಗದ ಕೊನೆಯ ನಿಲ್ದಾಣ. ಅಲ್ಲಿಂದ ಜೋಗ ಸುಮಾರು 15 ಕಿ.ಮೀ., ಸಾಗರದಿಂದ 30ರ ಆಸುಪಾಸು. ಆದರೂ ಬಸ್ಸನ್ನೇ ನಂಬಿಕೊಂಡವರು ಸಾಗರದಲ್ಲಿ ಇಳಿಯುವುದು ಒಳ್ಳೆಯದು, ಜೋಗದ ಬಸ್ಸು ಅಲ್ಲಿಂದ ಜಾಸ್ತಿ ಅಲ್ವಾ. ನಿಲ್ದಾಣದಿಂದ ಬಸ್‌ಸ್ಟ್ಯಾಂಡ್‌ಗೆ ಆಟೋ ಹಿಡಿಯಿರಿ, ಬಾಡಿಗೆ ಹತ್ತುವ ಮೊದಲೇ ಮಾತಾಡಿ. ನಾಲ್ಕೈದು ಜನ ಇದ್ದರೆ ಮಾತ್ರ ತಾಳಗುಪ್ಪದಲ್ಲಿ ಇಳಿದು ಗಾಡಿ ಮಾಡಿಕೊಳ್ಳಿ. ಬಸ್ಸಲ್ಲಿ ಹೋದರೆ, ಜೋಗದಲ್ಲಿ ಇಳಿಯುವಾಗಲೇ ವಾಪಸ್ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅಂತ ಕಂಡಕ್ಟರನ್ನು ಕೇಳಿಕೊಳ್ಳಿ.