ಚೀನಾ ರೈಲು: ಪಾಸ್‌ಪೋರ್ಟೇ ಟಿಕೆಟ್ಟು

ಪ್ರಶ್ನೆ: ನಾವು ಗಂಡ-ಹೆಂಡತಿ ಇಬ್ಬರೂ ನಿವೃತ್ತರು. ಟೂರ್ ಕಂಪನಿಯ ಹಂಗಿಲ್ಲದೆ ಬೀಜಿಂಗ್, ಶಿಆನ್, ಚೆಂಗ್ಡು, ಶಾಂಘೈ ನೋಡಿ ಬರುವ ಆಸೆ. ಚೀನೀ ಭಾಷೆ ಒಂದಕ್ಷರವೂ ಬಾರದು. ರೈಲಿನಲ್ಲೇ ಓಡಾಡಬಹುದೇ? ಟಿಕೆಟ್ ಈಗಲೇ ತೆಗೆದಿಡಬೇಕೇ?
- ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಧಾರಾಳವಾಗಿ ಓಡಾಡಬಹುದು. ಆದರೆ ಟಿಕೆಟ್ ಈಗಲೇ ಸಿಗದು. ನಮ್ಮಲ್ಲಿ 60 ದಿನ ಮೊದಲೇ ಬುಕಿಂಗ್ ತೆರೆದರೆ ಅಲ್ಲಿ 15 ದಿನ ಮೊದಲಷ್ಟೇ. ರೈಲ್ವೆಯ ಅಧಿಕೃತ ಆ್ಯಪ್ 12306, ಇಂಗ್ಲಿಷಿನಲ್ಲೂ ಇದೆ. ಖಾತೆ ತೆರೆದು ಪಾಸ್‌ಪೋರ್ಟ್ ಪರಿಶೀಲನೆ ಮುಗಿಸುವುದನ್ನು ಮಾತ್ರ ಊರಲ್ಲಿದ್ದಾಗಲೇ ಮಾಡಿಕೊಳ್ಳಿ. ನಮ್ಮವರು ಎಡವುವುದು ಹೆಸರಿನಲ್ಲಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇದ್ದರೆ ಅಡ್ಡಹೆಸರನ್ನೋ ತಂದೆಯ ಹೆಸರನ್ನೋ ಸೇರಿಸಹೋಗಬೇಡಿ; ಅಚ್ಚಾಗಿರುವಷ್ಟನ್ನೇ ಬರೆಯಿರಿ. ಕಾಗದದ ಟಿಕೆಟ್ ಇರುವುದಿಲ್ಲ, ಪಾಸ್‌ಪೋರ್ಟೇ ಟಿಕೆಟ್. ಅದರ ನಂಬರಿನಲ್ಲಿ ಒಂದಂಕಿ ತಪ್ಪಿದರೂ ಗೇಟಿನಲ್ಲಿ ತಡೆಯುತ್ತಾರೆ.

ರದ್ದು ಮಾಡುವುದಾದರೆ 8 ದಿನಕ್ಕೂ ಮೊದಲು ಕಡಿತವಿಲ್ಲ, ಕೊನೆಯ 24 ಗಂಟೆಯಲ್ಲಿ 20%. ಅಕ್ಟೋಬರ್ ಮೊದಲ ವಾರ ಮತ್ತು ಚೀನೀ ಹೊಸವರ್ಷದ ಆಸುಪಾಸು ಹೋಗಲೇಬೇಡಿ. ದೇಶಕ್ಕೆ ದೇಶವೇ ರೈಲಿನಲ್ಲಿರುತ್ತದೆ.

ಬೀಜಿಂಗ್‌ನಿಂದ ಶಿಆನ್‌ಗೆ ನಂಬರು 'ಜಿ' ಅಕ್ಷರದಿಂದ ಶುರುವಾಗುವ ವೇಗದ ರೈಲು, ಸುಮಾರು ನಾಲ್ಕರಿಂದ ಆರು ಗಂಟೆ. ಶಿಆನ್‌ನಿಂದ ಚೆಂಗ್ಡುಗೆ ಸುಮಾರು ನಾಲ್ಕು. ಈ ದಾರಿ ಛಿನ್‌ಲಿಂಗ್ ಪರ್ವತಗಳನ್ನು ಸುರಂಗಗಳಲ್ಲಿ ದಾಟುತ್ತದೆ, ಕಿಟಕಿ ಸೀಟಿಗೆ ಹಠ ಬೇಡ. ಚೆಂಗ್ಡುವಿನಿಂದ ಶಾಂಘೈಗೆ ರೈಲಿನಲ್ಲಿ ಹತ್ತು ಗಂಟೆಗೂ ಹೆಚ್ಚು, ನಿಮ್ಮ ವಯಸ್ಸಿಗೆ ವಿಮಾನವೇ ವಾಸಿ. ಒಂದು ಎಚ್ಚರ: 2025ರ ಜೂನ್ 28ರಿಂದ ಅಲ್ಲಿನ ದೇಶೀಯ ವಿಮಾನಗಳಲ್ಲಿ '3ಸಿ' (ಚೀನಾದ ಸುರಕ್ಷತಾ ಪ್ರಮಾಣ) ಗುರುತಿಲ್ಲದ ಪವರ್ ಬ್ಯಾಂಕ್ ಒಯ್ಯುವಂತಿಲ್ಲ. ಇಲ್ಲಿ ಕೊಂಡವುಗಳಲ್ಲಿ ಅದು ಇಲ್ಲದಿರುವುದೇ ಹೆಚ್ಚು.

ದೊಡ್ಡ ಊರುಗಳಲ್ಲಿ ನಿಲ್ದಾಣ ಹಲವು. ಬೇ ಎಂದರೆ ಉತ್ತರ, ನಾನ್ ದಕ್ಷಿಣ, ದೋಂಗ್ ಪೂರ್ವ, ಶೀ ಪಶ್ಚಿಮ. ಇಷ್ಟು ಬಾಯಿಪಾಠವಾದರೆ ಅರ್ಧ ಗೆದ್ದಂತೆ. ಶಿಆನ್‌ನ ವೇಗದ ರೈಲುಗಳು ಬಹುತೇಕ ನಿಲ್ಲುವುದು ಊರಾಚೆಯ ಶಿಆನ್ ಬೇನಲ್ಲಿ. ಕೋಟೆ ಗೋಡೆಯ ಪಕ್ಕದ ಹಳೆಯ ನಿಲ್ದಾಣಕ್ಕೆ ಹೋದರೆ ರೈಲು ತಪ್ಪಿತೆಂದೇ ಲೆಕ್ಕ.

ಒಂದು ಗಂಟೆ ಮೊದಲೇ ತಲುಪಿ. ಬಾಗಿಲಲ್ಲೇ ಚೀಲಗಳ ತಪಾಸಣೆ. ಹಣ್ಣಿನ ಚಾಕು, ಅಡಕತ್ತರಿ ಇದ್ದರೆ ಕಿತ್ತುಕೊಳ್ಳಬಹುದು. ನೇರ ಪ್ಲಾಟ್‌ಫಾರಂಗೆ ಬಿಡುವುದಿಲ್ಲ. ಹಾಲ್‌ನಲ್ಲಿ ಕೂತು, ಫಲಕದಲ್ಲಿ ನಿಮ್ಮ ರೈಲಿನ ನಂಬರಿನ ಮುಂದೆ ತೋರಿಸುವ ಗೇಟಿಗೆ ಹೋಗಬೇಕು. ಹೊರಡಲು 3ರಿಂದ 5 ನಿಮಿಷ ಇರುವಾಗಲೇ ಗೇಟು ಮುಚ್ಚುತ್ತದೆ. ಯಂತ್ರ ಪಾಸ್‌ಪೋರ್ಟ್ ಓದದಿದ್ದರೆ ಅಂಚಿನಲ್ಲಿ ಸಿಬ್ಬಂದಿ ಇರುವ ಗೇಟು ನೋಡಿ. ಎರಡನೇ ದರ್ಜೆಯಲ್ಲಿ ಎ ಮತ್ತು ಎಫ್ ಕಿಟಕಿ ಸೀಟು. ಇ ಇರುವುದೇ ಇಲ್ಲ. ಕೆಲವು ರೈಲುಗಳು ಎಂಟೆಂಟು ಬೋಗಿಯ ಎರಡು ತುಂಡು ಜೋಡಿಸಿದವು, ನಡುವೆ ಒಳದಾರಿಯಿಲ್ಲ. ಎಲ್ಲೋ ಹತ್ತಿ ಒಳಗಿಂದ ನಡೆದುಹೋಗುವ ನಮ್ಮ ಚಾಳಿ ಅಲ್ಲಿ ನಡೆಯದು.

ಹಣಕ್ಕೆ ಅಲಿಪೇ ಎಂಬ ಪಾವತಿ ಆ್ಯಪ್ ಹಾಕಿಕೊಂಡು ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಿ. ಬ್ಯಾಂಕಿನಲ್ಲಿ ವಿದೇಶಿ ಬಳಕೆ ತೆರೆಸಿರಬೇಕು. ಒಂದು ಪಾವತಿ 200 ಯುವಾನ್ ಮೀರಿದರೆ 3% ಶುಲ್ಕ. ಮೆಟ್ರೋಗೂ ಇದೇ ಆ್ಯಪಿನ ಕ್ಯುಆರ್ ಸಾಕು.

ಪ್ರಶ್ನೆ: ನಾನು ಶುದ್ಧ ಸಸ್ಯಾಹಾರಿ. ಚೀನಾದ ರೈಲಿನಲ್ಲಿ ಊಟದ ಗತಿ?

ಉತ್ತರ: ರೈಲಿನ ಊಟ ನೆಚ್ಚಬೇಡಿ. ಬೋಗಿಗಳಲ್ಲಿ ಕುದಿನೀರಿನ ನಲ್ಲಿ ಇರುತ್ತದೆ, ಪುಕ್ಕಟೆ. ಬಿಸಿನೀರು ಸುರಿದರೆ ಆಗುವ ಉಪ್ಪಿಟ್ಟು, ಅವಲಕ್ಕಿಯ ಪೊಟ್ಟಣ, ಒಂದು ಮುಚ್ಚಳದ ಸ್ಟೀಲ್ ಡಬ್ಬಿ, ಚಮಚ ಇಟ್ಟುಕೊಳ್ಳಿ. ಹೋಟೆಲಿನಲ್ಲಿ 'ವೊ ಚೀ ಸೂ' ಎಂದರೆ ಸಸ್ಯಾಹಾರಿ ಎಂದು ತಿಳಿಯುತ್ತದೆ. ಮೊಟ್ಟೆ ಬೇಡವೆಂಬುದನ್ನು ಬೇರೆಯಾಗಿಯೇ ಹೇಳಬೇಕು.