ಕಡಲತೀರದ ಮನೆಯಲ್ಲಿ ಏಸಿಯ ಗ್ಯಾಸ್ ಪದೇ ಪದೇ ಖಾಲಿಯಾಗುವುದೇಕೆ?

ಮಂಗಳೂರಿನ ಪಣಂಬೂರಿನಂತಹ ಕಡಲಂಚಿನಲ್ಲಿರುವ ಮನೆಯ ಏಸಿಗೆ ಪ್ರತಿ ಬೇಸಿಗೆಯಲ್ಲೂ ಗ್ಯಾಸ್ ತುಂಬಿಸಬೇಕಾಗುತ್ತಿದ್ದರೆ ಎಲ್ಲೋ ಸೋರಿಕೆ ಇದೆ ಎಂದೇ ಅರ್ಥ. ಮುಚ್ಚಿದ ಕೊಳವೆಗಳಲ್ಲಿ ಸುತ್ತುವ ಗ್ಯಾಸ್ ಬಳಕೆಯಿಂದ ಕಡಿಮೆಯಾಗುವುದಿಲ್ಲ. ಉಪ್ಪು ಬೆರೆತ ತೇವದ ಗಾಳಿಗೆ ತಾಮ್ರದ ಕೊಳವೆಗೆ ತಾಗಿದ ಅಲ್ಯೂಮಿನಿಯಂ ರೆಕ್ಕೆಗಳು (ತೆಳು ಹಾಳೆಗಳು) ಬೇಗ ಸವೆಯುತ್ತವೆ; ಕ್ರಮೇಣ ಕೊಳವೆಯೂ ಹಾಳಾಗಿ ಗ್ಯಾಸ್ ಸೋರಬಹುದು. ಹೊರಗಿನ ಯೂನಿಟ್‌ನ ಹಿಂಬದಿಯಲ್ಲಿ ಬಿಳಿ ಪುಡಿ ಉದುರುತ್ತಿದ್ದರೆ ಅದೇ ಈ ಸವೆತದ ಗುರುತು. ಮೆಕ್ಯಾನಿಕ್ ಬಂದಾಗ ಬರೀ ಗ್ಯಾಸ್ ತುಂಬಿಸಿ ಕಳುಹಿಸಬೇಡಿ: ನೈಟ್ರೋಜನ್ ಒತ್ತಡ ಕೊಟ್ಟು, ಜಾಯಿಂಟುಗಳಿಗೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುವ ಜಾಗವನ್ನು ಸರಿಪಡಿಸಿ, ವ್ಯಾಕ್ಯೂಮ್ ಮಾಡಿದ (ಕೊಳವೆಯೊಳಗಿನ ಗಾಳಿ, ತೇವವನ್ನು ಪಂಪಿನಿಂದ ಹೊರತೆಗೆದ) ಮೇಲೆಯೇ ತುಂಬಿಸಲು ಹೇಳಿ. ಕಾಯಿಲ್ (ಈ ಕೊಳವೆ, ರೆಕ್ಕೆಗಳ ಜೋಡಣೆ) ಪೂರ್ತಿ ಹಾಳಾಗಿದ್ದರೆ, ರಕ್ಷಣಾ ಲೇಪನವಿರುವ ಹೊಸದನ್ನು ಹಾಕಿಸುವುದೇ ಲೇಸು. ಆಮೇಲೆ ತಿಂಗಳಿಗೊಮ್ಮೆ ವಿದ್ಯುತ್ ಸಂಪರ್ಕ ತೆಗೆದು, ಹೊರಗಿನ ಯೂನಿಟ್‌ನ ಕಾಯಿಲನ್ನು ಸಿಹಿನೀರಿನಿಂದ ಮೆಲ್ಲಗೆ ತೊಳೆಯಿರಿ. ಬಾವಿಯ ನೀರು ಉಪ್ಪಾಗಿದ್ದರೆ ಅದನ್ನು ಖಂಡಿತ ಬಳಸಬೇಡಿ.